ಹುಲಿಕೆರೆಯ ಕೆಂಪು ಗುಂಡಿ

ಅರಸೀಕೆರೆ
ಭಾನುವಾರ, 17 ಆಗಸ್ಟ್ 2003

ಪ್ರೀತಿಯ ರಘು,

ಅಕ್ಕನ ಆಶೀರ್ವಾದ. ನೀನೂ ನಿನ್ನ ಲಗೇಜ್ ಆಟೋನೂ ಬೇಲೂರಿನಲ್ಲಿ ಗಟ್ಟಿಮುಟ್ಟಾಗಿದ್ದೀರಿ ಅಂದುಕೊಂಡಿದ್ದೇನೆ. ಯುಗಾದಿಯಿಂದ ಈಚೆಗೆ ನಿನಗೆ ಒಂದು ಸಾಲೂ ಬರೆಯಲಿಲ್ಲ. ಬೈಯುವುದಿದ್ದರೆ ಕಾಗದ ಪೂರ್ತಿ ಓದಿ ಆಮೇಲೆ ಬೈ. ಅರ್ಧಕ್ಕೇ ಮಡಿಸಿ ಸೀಟಿನ ಕೆಳಗೆ ತುರುಕಿದೆಯೋ, ನಾನೇ ಬೇಲೂರು ಬಸ್‌ಸ್ಟ್ಯಾಂಡಿಗೆ ಬಂದು ನಿನ್ನ ಜೊತೆಯ ಡ್ರೈವರುಗಳ ಮುಂದೆ ಗಟ್ಟಿಯಾಗಿ ಓದುತ್ತೇನೆ. ನನ್ನ ಗಂಟಲು ನಿನಗೆ ಗೊತ್ತಲ್ಲ.

ಮೊದಲು ಮನೆಯ ಸುದ್ದಿ. ಕೆಂದಿ ಹೆಣ್ಣುಗರು ಹಾಕಿದೆ. ಅಪ್ಪ ಈಗಲೂ ಕೋಳಿ ಕೂಗುವ ಹೊತ್ತಿಗೆ ಎದ್ದು, ಆ ಮುದಿ ಲೂನಾ ಏರಿ ಜಾವಗಲ್ಲಿನ ಹಾಲಿನ ಸೊಸೈಟಿಗೆ ಹೋಗುತ್ತಾನೆ. ಸೆಕ್ರೆಟರಿ ಕೆಲಸ ಸಾಕು ಬಿಡಪ್ಪ ಅಂದರೆ, "ಮನ್ಯಾಗ್ ಕುಂತ್ಕಂಡು ಗ್ವಾಡೆ ನೋಡ್ಲಾ?" ಅಂತಾನೆ. ನಮ್ಮೂರ ಸೊಸೈಟಿಯಲ್ಲಿ ನಿನ್ನ ಜಾಗಕ್ಕೆ ಮಾದಮ್ಮ ಬಂದಿದ್ದಾಳೆ. ನಿನಗಿಂತ ಚುರುಕು, ಬೇಜಾರು ಮಾಡಿಕೊಳ್ಳಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಅವ್ವ ಹೋದ ಆ ಸೋಮವಾರ ನೀನು ಕೆಂಪು ಗುಂಡಿ ಒತ್ತಿದ್ದೆ. ಅದು ರುಜುವಾತಾಗಿದೆ. ನಾನು ಅಕ್ಕನಾಗಿ ಹೇಳುತ್ತಿರುವ ಸಮಾಧಾನದ ಮಾತಲ್ಲ ಇದು. ಎಂಜಿನಿಯರಾಗಿ ಹೇಳುತ್ತಿದ್ದೇನೆ.

ಆ ದಿನವನ್ನು ಊರವರು ತಮಗೆ ಬೇಕಾದ ಹಾಗೆ ಹೇಳಿಕೊಂಡು ಬಂದಿದ್ದಾರೆ. ನಾನು ಒಂದು ಸಲ ಇದ್ದದ್ದು ಇದ್ದ ಹಾಗೆ ಬರೆದುಬಿಡುತ್ತೇನೆ. ಅವ್ವ ಕೊಟ್ಟಿಗೆಯಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಊರಿನ ಫೋನು ಮಳೆಗೆ ಸತ್ತಿತ್ತು. ನೀನು ಸೊಸೈಟಿಗೆ ಓಡಿದೆ. ಅಲ್ಲಿದ್ದದ್ದು ನಮ್ಮ ಕಾಲೇಜಿನವರು ಪ್ರಯೋಗಕ್ಕೆಂದು ಸುತ್ತಿನ ಸೊಸೈಟಿಗಳಿಗೆಲ್ಲ ಕೊಟ್ಟಿದ್ದ ವೈರ್‌ಲೆಸ್ ಪೆಟ್ಟಿಗೆ. ಕಪ್ಪು ಗುಂಡಿ ಒತ್ತಿದರೆ ಬೆಳಗಿನ ಹಾಲಿನ ಲೆಕ್ಕ ಅರಸೀಕೆರೆಯ ಟವರಿಗೆ ಹೋಗಬೇಕು. ಕೆಂಪು ಒತ್ತಿದರೆ ಅಲ್ಲಿ ಗಂಟೆ ಹೊಡೆದು, ಕೂತವರು ಆಸ್ಪತ್ರೆಗೆ ಹೇಳಿ ಜೀಪು ಕಳಿಸಬೇಕು. ಸುದ್ದಿ ಮುಟ್ಟಿದರೆ ಪೆಟ್ಟಿಗೆಯಲ್ಲಿ ಹಸಿರು ದೀಪ. ನೀನು ಕೆಂಪು ಒತ್ತಿದೆ, ಹಸಿರು ಹತ್ತಿತು. ಕರಿಯಯ್ಯ ಟೆಂಪೋ ತಂದು ನಿಲ್ಲಿಸಿ, "ಎತ್ತಾಕ್ಕಳಪ್ಪ, ಹೋಗ್ಬುಡಾನ" ಅಂದಾಗ ನೀನು, "ಬ್ಯಾಡಿ, ಜೀಪು ಬತ್ತೈತೆ, ಅದ್ರಾಗೆ ಆಕ್ಸಿಜನ್ ಇರ್ತದೆ" ಅಂದೆ. ಅವನು ಟೆಂಪೋ ತೆಗೆದುಕೊಂಡು ಸಂತೆಗೆ ಹೋದ. ಜೀಪು ಬರಲಿಲ್ಲ.

ಟವರಿನಲ್ಲಿ ನೋಡಿದರೆ ಹುಲಿಕೆರೆಯಿಂದ ಆ ಬೆಳಗ್ಗೆ ಏನೂ ಬಂದಿಲ್ಲ. ಅಷ್ಟು ಸಾಕಾಯಿತು ಊರಿಗೆ. ಹುಡುಗ ಗುಂಡಿ ಒತ್ತೇ ಇಲ್ಲ, ಗಾಬರಿಯಲ್ಲಿ ಕೈಕಾಲು ಆಡದೆ ನಿಂತಿದ್ದು ಆಮೇಲೆ ಕತೆ ಕಟ್ಟಿದ ಅಂದರು. ಹನ್ನೊಂದನೆಯ ದಿನ, ಎಲೆ ಹಾಕಿ ಜನ ಕೂತಿದ್ದಾಗ, ಅಪ್ಪ ಎಲ್ಲರೆದುರಿಗೆ, "ಸುಳ್ಬುರ್ಕ ನನ್ ಮಗ, ನಿಮ್ಮವ್ವುನ್ನ ನೀನೇ ಕೊಂದೆ ಕಣ್ಲಾ" ಅಂದುಬಿಟ್ಟ. ನೀನು ಎಲೆ ಬಿಟ್ಟು ಎದ್ದವನು ಇವತ್ತಿಗೂ ಹೊಸಿಲು ತುಳಿದಿಲ್ಲ. ಹೋಗುವಾಗ ನನಗೊಂದು ಮಾತು ಹೇಳಿದೆ, "ಹಸ್ರು ದೀಪ ಬಂತು ಕಣಕ್ಕಾ" ಅಂತ. ಆ ಒಂದು ಮಾತಿಗೇ ನಾನು ಪ್ರಿನ್ಸಿಪಾಲರಿಗೆ ದುಂಬಾಲು ಬಿದ್ದು ಈ ವೈರ್‌ಲೆಸ್ ಕೆಲಸಕ್ಕೆ ಸೇರಿಕೊಂಡದ್ದು. ನೀನು ಸುಳ್ಳು ಹೇಳಿದರೆ ನಿನ್ನ ಕಿವಿ ಕೆಂಪಾಗುತ್ತವೆ. ಅವತ್ತು ಆಗಿರಲಿಲ್ಲ.

ಬಂದು ನೋಡಿದರೆ ಪೆಟ್ಟಿಗೆಗಳು ವಾರವೆಲ್ಲ ಸರಿಯಾಗಿಯೇ ಇರುತ್ತವೆ, ಸೋಮವಾರ ಬಂತೆಂದರೆ ಕೈಕೊಡುತ್ತವೆ. ಹಳೆಯ ತಂಡದವರು ಕರೆಂಟು, ಮಳೆ, ಮಿಂಚು ಎಲ್ಲದರ ಮೇಲೂ ತಪ್ಪು ಹೊರಿಸಿ ಕೂತಿದ್ದರು. ನನಗೆ ನಗು ಬಂತು. ಸೋಮವಾರ ಮಾತ್ರ ಹೊಡೆಯುವ ಮಿಂಚು ಯಾವುದಪ್ಪ? ಗಂಡಸಿ ಊರಿನ ಸೊಸೈಟಿಗೆ ಹೋಗಿ ಅಲ್ಲಿಯ ಸೆಕ್ರೆಟರಿ ದ್ಯಾವಯ್ಯನ ಪಕ್ಕದಲ್ಲಿ ಒಂದು ಸೋಮವಾರ ಬೆಳಗ್ಗೆ ಕೂತೆ. ಏಳೂವರೆಗೆ ಇನ್ನೇನು ಸ್ವಲ್ಪ ಹೊತ್ತು ಇದೆ ಅನ್ನುವಾಗ ಆತ ಗಡಿಯಾರ ನೋಡಿ, ಕ್ಯಾನನ್ನು ಅಲ್ಲೇ ಬಿಟ್ಟು ಓಡಿಬಂದು ಗುಂಡಿ ಒತ್ತಿದ. ಯಾಕಯ್ಯ ಈ ಅವಸರ ಅಂದರೆ, "ಇನ್ನೊಂದ್ ಗಳಿಗೆ ಆದ್ರೆ ರಾಹುಕಾಲ ಕಣವ್ವಾ. ವಾರದ ಮೊದ್ಲುನೇ ಲೆಕ್ಕ ರಾಹುಕಾಲ್ದಾಗೆ ಕಳ್ಸಾಕ್ಕಾಯ್ತದಾ?" ಅಂದ.

ಅವ್ವ ಪ್ರತಿ ಸೋಮವಾರ ಹೊಸಿಲಲ್ಲಿ ನಿಂತು ಅಪ್ಪನಿಗೆ ಹೇಳುತ್ತಿದ್ದದ್ದೂ ಇದೇ ಅಲ್ಲವೇನೋ? "ಏಳೂವರೆ ಒಳ್ಗೆ ಕಳ್ಸ್‌ಬುಡಿ, ಆಮ್ಯಾಕೆ ರಾಹುಕಾಲ." ನಮ್ಮ ಮನೆಯಲ್ಲೇ ಇದ್ದ ಉತ್ತರಕ್ಕೆ ನಾನು ಗಂಡಸಿಯವರೆಗೆ ಹೋಗಬೇಕಾಯಿತು. ಊರೂರಿನ ಸೆಕ್ರೆಟರಿಗಳೆಲ್ಲ ಒಂದೇ ಗಳಿಗೆಯಲ್ಲಿ ಗುಂಡಿ ಒತ್ತಿದರೆ ಟವರಿಗೆ ಒಬ್ಬರ ಮೇಲೊಬ್ಬರು ಬಿದ್ದ ಹಾಗಾಗುತ್ತದೆ. ಹತ್ತಿರದ ಊರಿನ ಸದ್ದು ಜೋರು, ಅದು ಮುಟ್ಟುತ್ತದೆ. ಗುಡ್ಡದ ಮರೆಯ ನಮ್ಮ ಹುಲಿಕೆರೆಯ ಸದ್ದು ಕ್ಷೀಣ, ಅದು ಅಡಿಗೆ ಬಿದ್ದು ಹೋಗುತ್ತದೆ. ನೀನು ಅವತ್ತು ಕೆಂಪು ಒತ್ತಿದ್ದೂ ಅದೇ ಗಳಿಗೆಯಲ್ಲಿ.

ಹಾಗಾದರೆ ಹಸಿರು ದೀಪ? ಹಳೆಯ ಪೆಟ್ಟಿಗೆಯಲ್ಲಿ ಟವರಿನ ಉತ್ತರಕ್ಕೆ ವಿಳಾಸವೇ ಇರಲಿಲ್ಲ. ಅದು 'ಬಂತು' ಅಂದರೆ, ಆ ಗಳಿಗೆಯಲ್ಲಿ ಗುಂಡಿ ಒತ್ತಿಸಿಕೊಂಡು ಕಾಯುತ್ತಿದ್ದ ಪೆಟ್ಟಿಗೆಗಳೆಲ್ಲ ತಮಗೇ ಅಂದದ್ದು ಎಂದುಕೊಂಡು ದೀಪ ಹಚ್ಚುತ್ತಿದ್ದವು. ಯಾರಿಗೋ ಬಂದ ಉತ್ತರವನ್ನು ನೀನು ನಿನಗೆ ಅಂದುಕೊಂಡೆ. ನಿನ್ನ ಜಾಗದಲ್ಲಿ ನಾನಿದ್ದರೂ ಅಂದುಕೊಳ್ಳುತ್ತಿದ್ದೆ.

ಇದೆಲ್ಲ ಊಹೆ ಅನ್ನಿಸಬಹುದು. ಅದಕ್ಕೇ ಇಷ್ಟು ತಿಂಗಳು ಬೇಕಾಯಿತು. ಟವರಿನ ಕಂಪ್ಯೂಟರು ತನಗೆ ಅರ್ಥವಾಗದ ಗೋಜಲನ್ನೂ ಬಿಸಾಡದೆ ಇಟ್ಟುಕೊಂಡಿತ್ತು. ಆ ಸೋಮವಾರದ್ದೂ ಇತ್ತು. ಮದುವೆ ಮನೆಯ ಮೈಕಿನಲ್ಲಿ ಹಾಡು ಕಿರುಚುತ್ತಿರುವಾಗ ನೀನು ಬೀದಿಯ ಆ ತುದಿಯಿಂದ ಕೂಗಿದರೆ ನನಗೆ ಕೇಳುವುದಿಲ್ಲ. ಆದರೆ ಆ ಹಾಡು ನನಗೆ ಬಾಯಿಪಾಠವಾಗಿದ್ದರೆ, ಕೇಳಿದ್ದರಲ್ಲಿ ಹಾಡಿನಷ್ಟನ್ನು ಕಳೆದುಬಿಡಬಹುದು. ಉಳಿದದ್ದು ನೀನು. ನಾನು ಮಾಡಿದ್ದು ಅಷ್ಟೇ. ಜೋರು ಸದ್ದನ್ನು ಮೊದಲು ಪೂರ್ತಿ ಓದಿಕೊಂಡೆ, ಅದು ಹೇಗೆ ಬಂದಿತ್ತೋ ಹಾಗೆಯೇ ಇನ್ನೊಮ್ಮೆ ತಯಾರು ಮಾಡಿ, ಗೋಜಲಿನಿಂದ ಕಳೆದೆ. ಹೇಳುವುದು ಸುಲಭ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಉಳಿಯುವುದು ಬರೀ ಕಸ. ಎಷ್ಟು ಸಲ ಕಸ ಬಂತೋ ನಾನು ಲೆಕ್ಕ ಇಡಲಿಲ್ಲ, ಇಟ್ಟಿದ್ದರೆ ಬಿಟ್ಟುಬಿಡುತ್ತಿದ್ದೆ.

ಹೋದ ವಾರ ಅದು ಸಿಕ್ಕಿತು. ಮೊದಲು ಹುಲಿಕೆರೆ ಪೆಟ್ಟಿಗೆಯ ನಂಬರು, ಅದರ ಹಿಂದೆಯೇ ಕೆಂಪು ಗುಂಡಿಯ ಗುರುತು. ಒಂದು ಅಕ್ಷರವೂ ತಪ್ಪಿರಲಿಲ್ಲ. ನಾನು ಕುರ್ಚಿಯಲ್ಲೇ ಕೂತು ಅತ್ತೆ ಕಣೋ. ಅವ್ವನಿಗಾಗಿ ಅಲ್ಲ, ನಿನಗಾಗಿ.

ಈಗ ಪೆಟ್ಟಿಗೆಗಳನ್ನೆಲ್ಲ ಸರಿಮಾಡಿದ್ದೇನೆ. ಉತ್ತರಕ್ಕೆ ಊರಿನ ವಿಳಾಸ ಇದೆ. ಎರಡು ಸದ್ದು ಒಟ್ಟಿಗೆ ಬಂದರೆ ಟವರೇ ಬಿಡಿಸಿಕೊಳ್ಳುತ್ತದೆ. ಹಾಲಿನ ಲೆಕ್ಕವನ್ನು ಒಂದೊಂದು ಪೆಟ್ಟಿಗೆ ತನಗೆ ತೋಚಿದಷ್ಟು ಹೊತ್ತು ತಡೆದು ಕಳಿಸುತ್ತದೆ. "ಅಲ್ಲ ಕಣವ್ವಾ, ಅದು ತಡೆದು ರಾಹುಕಾಲ್ದಾಗೆ ಕಳ್ಸುದ್ರೆ?" ಅಂತ ದ್ಯಾವಯ್ಯ ರಾಗ ಎಳೆದ. "ನೀವು ಒತ್ತಿದ್ದು ಒಳ್ಳೆ ಗಳಿಗೇಲಿ ತಾನೇ? ರಾಹು ಮನುಷ್ಯರನ್ನ ಹಿಡೀತಾನೆ, ಮಿಷನ್ನನ್ನಲ್ಲ" ಅಂದೆ. ಒಪ್ಪಿಕೊಂಡ. ಕೆಂಪು ಗುಂಡಿಗೆ ಮಾತ್ರ ತಡೆಯಿಲ್ಲ, ಅದು ಬಂದರೆ ಮಿಕ್ಕವೆಲ್ಲ ಬಾಯಿ ಮುಚ್ಚಿಕೊಂಡಿರಬೇಕು.

ಗುರುವಾರ ಊರಿಗೆ ಹೋಗಿ, ನಿನ್ನನ್ನು ಸುಳ್ಳುಬುರುಕ ಅಂದವರನ್ನೆಲ್ಲ ಸೊಸೈಟಿ ಜಗಲಿಗೆ ಕರೆಸಿ ಹೇಳಿದೆ. ನನ್ನ ದನಿ ಊರ ಕಲ್ಯಾಣಿಯ ತಳದವರೆಗೂ ಕೇಳಿಸಿರಬೇಕು. ಕರಿಯಯ್ಯ ಟವಲಿನಲ್ಲಿ ಮುಖ ಒರೆಸಿಕೊಂಡು, "ಹುಡ್ಗ ಸುಳ್ ಹೇಳಿರ್ನಿಲ್ಲ ಕಣ್ರಪ್ಪಾ. ನಾವೇ ಸೇರ್ಕಂಡು ಓಡುಸ್ಬುಟ್ವಿ" ಅಂದ. ಅಪ್ಪ ಕಂಬ ಹಿಡಿದುಕೊಂಡು ನಿಂತಿದ್ದ. ಎಲ್ಲರೂ ಹೋದ ಮೇಲೆ, "ಅವನ್ಗೆ ಕಾಗ್ದ ಬರಿ ಮಗಾ. ಅಪ್ಪಯ್ಯ ತಪ್ಪಾಯ್ತು ಅಂದ ಅಂತ ಬರಿ. ಬಾ ಅಂತ ಬರಿ" ಅಂದ. ಬರೆದಿದ್ದೇನೆ. ಅಪ್ಪ ತಪ್ಪಾಯಿತು ಅಂದದ್ದನ್ನು ನಾನು ಹುಟ್ಟಿದಮೇಲೆ ಕೇಳಿರಲಿಲ್ಲ.

ಗೌರಿ ಹಬ್ಬಕ್ಕೆ ಬಂದುಬಿಡು. ಕೇಳಿಕೊಳ್ಳುತ್ತಿಲ್ಲ, ಹೇಳುತ್ತಿದ್ದೇನೆ. ಹೊತ್ತು ಹೊತ್ತಿಗೆ ಉಣ್ಣು, ಘಾಟಿಯಲ್ಲಿ ಆಟೋ ಓಡಿಸುವಾಗ ಶೂರತನ ಬೇಡ. ಅವ್ವ ಎಲ್ಲಿದ್ದರೂ ನಿನ್ನ ಬೆನ್ನಿಗಿದ್ದಾಳೆ.

ಇಂತಿ ನಿನ್ನ ಅಕ್ಕ,
ನಯನಾ

ಮತ್ತೆ: ಇದನ್ನು ಮರೆತು ಕೊನೆಗೆ ಬರೆಯುತ್ತಿಲ್ಲ, ಬೇಕೆಂದೇ ಉಳಿಸಿಕೊಂಡೆ. ಜಗಲಿ ಇಳಿಯುವಾಗ ಅಪ್ಪ ಕೇಳಿದ, "ಅದ್ಸರಿ ಮಗಾ, ನಮ್ ಹುಡುಗುನ್ ಸದ್ನ ಮುಚ್ಚಾಕಿದ್ದು ಯಾವೂರಿಂದು?" ಯಾವುದೋ ಒಂದು ಊರು ಬಿಡಪ್ಪ ಅಂದೆ. ಜಾವಗಲ್ಲಿನದು ರಘು. ಅಪ್ಪನೇ ಒತ್ತಿದ್ದು. ನೀನು ಕಂಡ ಹಸಿರು ದೀಪ ಅಪ್ಪನ ಹಾಲಿನ ಲೆಕ್ಕಕ್ಕೆ ಬಂದ ಉತ್ತರ. ಇದು ಗೊತ್ತಿರುವುದು ನನಗೆ, ಈಗ ನಿನಗೆ. ಊರೆದುರು ಬೈಗುಳ ತಿಂದವನು ನೀನು, ಅಪ್ಪನಿಗೆ ಹೇಳುವುದೋ ಬಿಡುವುದೋ ನಿನಗೇ ಬಿಟ್ಟದ್ದು. ಹೇಳುವುದಾದರೆ ಸೋಮವಾರ ಬಿಟ್ಟು ಬೇರೆ ದಿನ ಹೇಳು. ಸೋಮವಾರ ಹೊರಡುವಾಗ ಅಪ್ಪ ಇವತ್ತಿಗೂ ಖಾಲಿ ಹೊಸಿಲ ಕಡೆ ತಿರುಗಿ, "ಏಳೂವರೆ ಒಳ್ಗೇ ಕಳುಸ್ತೀನಿ ಕಣಮ್ಮಿ" ಅಂತ ಹೇಳಿಯೇ ಲೂನಾ ಹತ್ತುತ್ತಾನೆ.