ಸೀರೆ ಗಾರ್ಡ್ ಇಲ್ಲದ ಬೈಕು

ಶಹಾಪುರ

ಅಮ್ಮಾ, ನಾವು ಅಡ್ವೆಂಚರ್ ಬೈಕ್ ತಗೊಂಡೆವು, ಸೆಕೆಂಡ್ ಹ್ಯಾಂಡ್ ಆದರೂ ಎಷ್ಟು ಚೆಂದ ಇದೆ ಗೊತ್ತಾ. ಆಷಾಢಕ್ಕೆ ನನ್ನನ್ನು ಅದರಲ್ಲೇ ಮೈಸೂರಿಗೆ ಕರೆತರಬೇಕೆಂದು ನಿನ್ನ ಅಳಿಯ ಸೀಟು ಎತ್ತರಿಸಿ, ಲಗೇಜ್ ಪೆಟ್ಟಿಗೆ ಕೂರಿಸಲು ಸೀರೆ ಗಾರ್ಡ್ ಬಿಚ್ಚಿಸಿಬಿಟ್ಟರು. ಪೆಟ್ಟಿಗೆ ಇನ್ನೂ ಬಂದಿಲ್ಲ. ನಿನ್ನೆ ಬೋನಾಳ ಕೆರೆಯ ಹಕ್ಕಿ ನೋಡಿ ಬರುವಾಗ ನನ್ನ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತು. ಗಾಬರಿಯಾಗಬೇಡ, ನಿಧಾನವಾಗಿ ಹೋಗುತ್ತಿದ್ದೆವು, ಸೆರಗಷ್ಟೇ ಹರಿಯಿತು.

ನಾವಿಬ್ಬರೂ ಬಾಯಿ ಬಿಡಲಿಲ್ಲ, ಆದರೆ ಸೆರಗಿನ ಗ್ರೀಸು ಅತ್ತೆಯ ಕಣ್ಣಿಗೆ ಬಿತ್ತು.

“ಇದು ಗಾಡಿ ಅಲ್ಲೋ, ಮರಳುಗಾಡಿನ ಒಂಟಿ ಅದ. ಬೇಕಾದ್ರ ನೀ ಒಬ್ಬನ ಹೋಗು, ಸೊಸಿ ರೈಲಿಗಿ ಹೋಗ್ತಾಳ.”

“ಹೆಲ್ಮೆಟ್ ಅದಲ್ಲ ಯವ್ವ,” ಎಂದರು ಇವರು.

“ಸೀರಿಗೂ ಹೆಲ್ಮೆಟ್ ಹಾಕ್ತಿ ಏನು?”

ನನಗೆ ರೈಲೇ ಎಂದು ತೀರ್ಮಾನವಾಯಿತು. ಇವರೋ ಬೈಕ್ ಬಿಡಲೊಲ್ಲರು, ನಾನು ರೈಲು ಹತ್ತುವ ಹಿಂದಿನ ದಿನವೇ ಒಬ್ಬರೇ ಹೊರಡುತ್ತಾರಂತೆ. ಅಷ್ಟು ದೂರ ಹಿಂದೆ ಕೂತು ‘ಸ್ವಲ್ಪ ನಿಧಾನ’ ಎನ್ನಲು ನಾನಿರುವುದಿಲ್ಲ, ಅದೇ ಭಯ. ಹೋದ ವಾರ ಸೈಲೆನ್ಸರ್ ತಾಗಿ ಸುಟ್ಟ ನನ್ನ ಕಾಲೂ ಮಾಯುತ್ತಿದೆ. ಈ ಕಾರ್ಡು ಅಪ್ಪನ ಕೈಗೆ ಸಿಗದಿರಲಿ. ಸ್ಟೇಷನ್ನಿಗೆ ನೀವು ಯಾರೂ ಬರಬೇಡಿ, ಇವರೇ ಬಂದು ನಿಂತಿರಲಿ, ಇವರ ಮುಖ ಕಂಡರೇ ನನಗೆ ಸಮಾಧಾನ. ಮುಂದಿನ ಶುಕ್ರವಾರ, ಬಸವ ಎಕ್ಸ್‌ಪ್ರೆಸ್.

ನಿನ್ನ ಸ್ಫೂರ್ತಿ