ಹೀರಿಕೊಳ್ಳಲಾಗುವುದು

ಶಿವಕಿರಣ್,

ಇದನ್ನು ಹೇಳದೇ ಬಿಡುವವಳಿದ್ದೆ: ಹಮಾಲಿಗಳ ಸಭೆಯಲ್ಲಿ ನಿನ್ನ ಇಂಗ್ಲಿಷ್ ವರದಿಯನ್ನು ಕನ್ನಡದಲ್ಲಿ ಓದಿದ ಪಾಪ ನನ್ನದು. ಬ್ರಾಡ್‌ಗೇಜ್ ಬಂದು ರೈಲುಗಳ ವೇಗ ಹೆಚ್ಚಿದರೆ ಕಾರ್ಖಾನೆ ಕೆಲಸಗಳೂ ಹೆಚ್ಚುತ್ತವೆ, ಹಳಿಯ ಅಗಲ ಬದಲಾಗುವಲ್ಲಿ ರೈಲಿನಿಂದ ರೈಲಿಗೆ ಮೂಟೆ ಸಾಗಿಸುತ್ತಿದ್ದು ಈಗ ಕೆಲಸ ಕಳೆದುಕೊಳ್ಳುವ ಹಮಾಲಿಗಳನ್ನು ಅಲ್ಲಿ 'ಅಬ್ಸಾರ್ಬ್' ಮಾಡುತ್ತಾರೆ ಎಂದು ನೀನು ಬರೆದಿದ್ದೆ. ನನ್ನ ಕಾನ್ವೆಂಟ್ ಕನ್ನಡ ಅದನ್ನು 'ಹೀರಿಕೊಳ್ಳಲಾಗುವುದು' ಎಂದಿತು. ಸಭೆಯೆಲ್ಲ ನಕ್ಕಿತು. ನೀನೂ ನಕ್ಕೆ, ಆ ನಗು ಆಗ ನನಗೆ ಇಷ್ಟವಿತ್ತು.

ಇವತ್ತು ಸ್ಟೇಷನ್ ಎದುರು ಹಮಾಲಿ ಸಣ್ಣಮಾದಯ್ಯ ಸಿಕ್ಕಿದರು. ಹೆಬ್ಬಾಳದ ಕಾರ್ಖಾನೆಗಳಲ್ಲಿ ಕೆಲಸ ಹೆಚ್ಚಿದ್ದು ನಿಜ. ಐವತ್ತು ದಾಟಿದ ಅವರನ್ನು ಮಾತ್ರ ಗೇಟಿನಿಂದಲೇ ವಾಪಸ್ಸು ಕಳಿಸಿದರಂತೆ.

"ನೀವು ಸರ್ಯಾಗೇ ಓದಿದ್ರಿ ಕಣವ್ವ," ಎಂದರು. "ನಮ್ಮುನ್ನ ಈರ್ಕೊಂಡ್ಬುಟ್ರು."

ನಿನ್ನ ಈಗಿನ ವಿಳಾಸ ಗೊತ್ತಿಲ್ಲ, ಹುಡುಕಬೇಕು. ಇದೆಲ್ಲ ನಿಜವಾಗಲು ವರದಿಯಲ್ಲಿ ನೀನು ಐದು ವರ್ಷ ಕೇಳಿದ್ದೆ. ಅದರಲ್ಲಿ ಇನ್ನೂ ಹದಿನೇಳು ದಿನ ಉಳಿದಿವೆ. ನಿನಗೂ ಅನ್ಯಾಯ ಮಾಡಲಾರೆ. ಅಂಚೆಗೆ ಹಾಕುವ ದಿನ: 1998, ಮಾರ್ಚ್ 31.