ಗುಡ್ಡ ನೋಡಲು ಹೋದವಳು

ಮೂರನೆಯ ದಡದ ಅರವತ್ತೆರಡನೆಯ ವರ್ಷ, ಎರಡನೆಯ ಮಳೆ ಮುಗಿದ ವಾರ.

ನಮಗಿಂತ ಮುಂಚೆ ಬದುಕಿದ ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಹುಡುಕಬೇಡಿ. ಕುಂದಾಪುರದ ಕಡಲು ಒಳಗೆ ನುಗ್ಗಿ ಹೊಸ ದಡ ಹಿಡಿದಾಗಲೆಲ್ಲ ನಾವು ವರ್ಷವನ್ನು ಒಂದರಿಂದ ಎಣಿಸುತ್ತೇವೆ. ನನ್ನ ಹೆಸರು ಅಕ್ಕಣಿ. ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಚೊಕ್ಕವಾಗಿ ಬರೆಯುವಷ್ಟು ಸಮಾಧಾನ ಇವತ್ತು ನನಗಿಲ್ಲ. ನಾಳೆ ಹುಣ್ಣಿಮೆಯ ಉಬ್ಬರ. ಅಳಿವೆಯ ಕೆಸರಿನಲ್ಲಿ ನಾವು ಬೆಳೆಸಿದ ಕಾಂಡ್ಲಾ ಮರಗಳು ಈ ಸಲ ಕಡಲನ್ನು ತಡೆಯಲಾರವು. ಊರು ಎಲ್ಲಿಗೆ ಹೋಗಬೇಕೆಂಬುದು ಕತ್ತಲಾಗುವ ಮೊದಲು ತೀರ್ಮಾನವಾಗಬೇಕು.

ನಾವೇನೂ ದಡ್ಡರಲ್ಲ. ಹುತ್ತ ನೋಡಿ ಮನೆ ಕಟ್ಟಲು ಕಲಿತೆವು. ಗೋಡೆಯೊಳಗೆ ಗಾಳಿ ಓಡಾಡಲು ದಾರಿ, ನೆತ್ತಿಯಲ್ಲಿ ಬಿಸಿ ಹೊರಹೋಗಲು ಬಾಯಿ. ಅಂದಿನಿಂದ ಬೇಸಿಗೆಯ ಸಾವು ನಿಂತಿತು, ಮಕ್ಕಳ ಉಬ್ಬಸ ಕಡಿಮೆಯಾಯಿತು. ಒಟ್ಟಿಗೆ ಬದುಕುವುದನ್ನು ಕಲಿಸಿದ್ದು ಮಾತ್ರ ಜೇನು. ಹಿಂಡು ಗೂಡು ಬಿಟ್ಟಾಗ ಕೆಲವು ಜೇನುಗಳು ಹೋಗಿ ಜಾಗ ನೋಡಿ ಬರುತ್ತವೆ, ಕುಣಿದು ಹೇಳುತ್ತವೆ. ಅಷ್ಟಕ್ಕೇ ಹಿಂಡು ಹೊರಡುವುದಿಲ್ಲ; ಇನ್ನಷ್ಟು ಜೇನುಗಳು ಹೋಗಿ ನೋಡಬೇಕು. ನಮ್ಮ ಊರಸಭೆಯಾದ ಜೇನುಕೂಟಕ್ಕೂ ಅದೇ ನಿಯಮ. ಅಲ್ಲಿಗೆ ಕಾಲು ತೊಳೆದು ಬರುವಂತಿಲ್ಲ. ನೋಡಿ ಬಂದ ಜಾಗದ ಮಣ್ಣು ಕಾಲಲ್ಲಿದ್ದವರಿಗೆ ಮಾತ್ರ ಮಾತು.

ಎರಡನೆಯ ದಡದ ಕಾಲದಲ್ಲಿ ಈ ನಿಯಮ ಮುರಿದು, ಒಬ್ಬ ಬಾಯಿಬಡುಕನನ್ನು ನಂಬಿ ನಮ್ಮವರು ಹೊಳೆಬದಿಗೆ ಹೋದರು. ಮೊದಲ ಮಳೆಗೇ ಬಾವಿಗಳಿಗೆ ಹೊಲಸು ನುಗ್ಗಿತು, ಮನೆಮನೆಯ ತೊಟ್ಟಿಲು ಬರಿದಾಯಿತು. ಮಾತು ಮನೆ ಕೆಡಿಸಿತು ಎನ್ನುತ್ತಾರಲ್ಲ, ಇಲ್ಲಿ ಊರನ್ನೇ ಕೆಡಿಸಿತು.

ಈಗ ಮತ್ತೆ ಹೊಳೆಬದಿಯದೇ ಮಾತು. ನೆರೆಮನೆಯ ಶೀನ, ಕಾಲಲ್ಲಿ ಒಂದು ಚೂರು ಕೆಸರಿಲ್ಲದವನು, ಕೂಟದ ಜಗಲಿ ಹತ್ತಿ ಕೂಗುತ್ತಿದ್ದಾನೆ: “ಹೊರಡುವಾ ಮರಾಯ್ರೆ, ಕಡ್ಲ್ ಯಾರಿಗೂ ಕಾಯ್ತಿಲ್ಲೆ!” ಹೆದರಿದ ಜನ ಗಂಟುಮೂಟೆ ಕಟ್ಟುತ್ತಿದ್ದಾರೆ. ನಾನು ಊರಬಾಗಿಲಿಗೆ ಅಡ್ಡ ಕೂತು ಇದನ್ನು ಬರೆಯುತ್ತಿದ್ದೇನೆ. ದಾಟುವವರು ನನ್ನನ್ನು ತುಳಿದೇ ದಾಟಲಿ.

ಉಳಿದಿರುವ ಇನ್ನೊಂದೇ ಜಾಗ ಮೂಡಣದ ಕೆಂಪುಕಲ್ಲಿನ ಗುಡ್ಡ. ಅಲ್ಲಿಗೆ ಕಡಲು ಏರದು. ನೀರಿದೆಯೋ ಇಲ್ಲವೋ ನೋಡಲು ನನ್ನ ಮಗಳು ಲಚ್ಚಿ ನಿನ್ನೆ ಹೋದಳು. ತುಂಬಿದ ಬಸುರಿ, ಬೇಡವೆಂದೆ. “ಕಾಣ್ದೆ ಹೇಳುಕೆ ಆತಿಲ್ಲೆ ಅಬ್ಬಿ, ನಾನೇ ಹೋಯಿ ಕಂಡ್ಕಂಡ್ ಬತ್ತೆ,” ಎಂದಳು. ಬೆಳಿಗ್ಗೆಯೇ ಬರಬೇಕಿತ್ತು. ನನಗೆ ಹೆದರಿಕೆಯಾಗುತ್ತಿದೆ. ಗುಡ್ಡದಲ್ಲಿ ನೀರಿಲ್ಲವಾದರೆ ನಮಗೆ ಹೊಳೆಬದಿಯೇ ಗತಿ, ಅವಳ ಮಗು ಹುಟ್ಟುವುದೂ ಅಲ್ಲೇ.

ಕೆಂಪುಕಲ್ಲು ಮಳೆಯನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ಕೊಡುತ್ತದೆ. ಕಲ್ಲು ಕೊಯ್ದು ಸಾಗಿಸಿದ ಮೇಲೆ ಉಳಿಯುವುದು ಒಣ ಹೊಂಡ. ನಿಮ್ಮ ಕಾಲದಲ್ಲಿ ಆ ಗುಡ್ಡಕ್ಕೆ ಕಲ್ಲು ಕೊಯ್ಯುವ ಯಂತ್ರ ಬಂದಿತ್ತಂತೆ. ಅದು ನಿಂತಿತೋ, ಗುಡ್ಡದ ಕಲ್ಲನ್ನೆಲ್ಲ ತಿಂದಿತೋ, ಅತ್ತ ಹೋಗಿ ನೋಡಿ ಹೇಳುವವರು ಇಲ್ಲಿ ಯಾರೂ ಉಳಿದಿಲ್ಲ.

ಅಗೋ, ಗದ್ದೆಯ ಅಂಚಿನಲ್ಲಿ ಲಚ್ಚಿ ಬರುತ್ತಿದ್ದಾಳೆ. ಜನ ಗಂಟು ಕೆಳಗಿಟ್ಟು ನೋಡುತ್ತಿದ್ದಾರೆ, ಶೀನನೂ ಜಗಲಿಯಿಂದ ಇಳಿದು ಬಂದಿದ್ದಾನೆ. ಅವಳ ಮುಖ ಇನ್ನೂ ನನಗೆ ಕಾಣಿಸುತ್ತಿಲ್ಲ. ಹಿರಿಯರೇ, ಕೈಮುಗಿಯುತ್ತೇನೆ, ಅವಳು ಇಲ್ಲಿಗೆ ಮುಟ್ಟುವುದರೊಳಗೆ ಹೋಗಿ ಆ ಯಂತ್ರ ನಿಲ್ಲಿಸಿ.